ಪ್ರಯತ್ನಶೈಥಿಲ್ಯ: ಯೋಗಸೂತ್ರದ ಒಂದು ಪದದ ವಿಚಾರ

ಪಾತಂಜಲ ಯೋಗಸೂತ್ರಗಳಲ್ಲಿ ಆಸನವನ್ನು ಕುರಿತು ಹೇಳಿರುವುದು ಬಹು ಸ್ವಲ್ಪ. ಪಾಠಭೇದದಿಂದ 195 ಎಂದೋ 196 ಎಂದೋ ಎಣಿಸಲ್ಪಡುವ ಸೂತ್ರಗಳಲ್ಲಿ ಸಾಧನಪಾದದ 46, 47, 48ನೆಯವು ಮಾತ್ರವೇ ಈ ಅಂಗಕ್ಕೆ ಮೀಸಲಾಗಿರುವುವು. ಮೊದಲನೆಯ ಸೂತ್ರವು ಆಸನವು ಸ್ಥಿರವೂ ಸುಖವೂ ಆಗಿರಬೇಕೆಂದು ಲಕ್ಷಣವನ್ನು ಹೇಳುತ್ತದೆ. ಎರಡನೆಯದು ಅದು ಸಿದ್ಧಿಸುವ ಬಗೆಯನ್ನು ಪ್ರಯತ್ನಶೈಥಿಲ್ಯ, ಅನಂತಸಮಾಪತ್ತಿ ಎಂಬ ಎರಡು ಪದಗಳಿಂದ ಸೂಚಿಸುತ್ತದೆ. ಮೂರನೆಯದು ಶೀತೋಷ್ಣಾದಿ ದ್ವಂದ್ವಗಳ ಪೆಟ್ಟು ತಾಗದಿರುವುದೆಂಬ ಫಲವನ್ನು ತಿಳಿಸುತ್ತದೆ. ಇಷ್ಟು ಸಂಕ್ಷೇಪವಾದ ವಾಕ್ಯಗಳ ಮೇಲೆ ಇಂದು ಎಷ್ಟು ದೊಡ್ಡ ಕಟ್ಟಡವು ನಿಂತಿದೆಯೆಂಬುದು ವಾಚಕರಿಗೆ ವಿದಿತವೇ ಇದೆ. ವಿಶ್ವಸಂಸ್ಥೆಯು 2014ರಲ್ಲಿ ನಿರ್ಣಯಿಸಿ 2015ರಿಂದ ಜೂನ್ 21ನ್ನು ಯೋಗದಿನವೆಂದು ಆಚರಿಸಲು ತೊಡಗಿದಂದಿನಿಂದಲಂತೂ ಈ ಲಕ್ಷಣಸೂತ್ರವು ಗೋಡೆಗಳ ಮೇಲೂ ಆಹ್ವಾನಪತ್ರಗಳ ಮೇಲೂ ಕಾಣಬರುತ್ತಿದೆ. ಅದರ ಜೊತೆಗೆ ಒಂದು ವ್ಯಾಖ್ಯಾನವೂ ರೂಢವಾಗಿಬಿಟ್ಟಿದೆ: ಯೋಗಾಸನವೆಂದರೆ ಶ್ರಮ ಮತ್ತು ಸುಖ ಇವೆರಡರ ಸಮತೋಲವೆಂಬುದೇ ಅದು.

ಕೇಳುವುದಕ್ಕೆ ಈ ಮಾತು ಹಿತವಾಗಿದೆ. ಆದರೆ ಸೂತ್ರವು ಹೇಳುವುದು ಇದನ್ನೇ ಏನು ಎಂಬುದೇ ಪ್ರಕೃತ ವಿಚಾರ. ಸಮತೋಲವೆಂಬ ಮಾತಿನಲ್ಲಿ ಒಂದು ತಕ್ಕಡಿಯ ಕಲ್ಪನೆ ಅಡಗಿದೆ. ಒಂದು ತಟ್ಟೆಯಲ್ಲಿ ಯತ್ನ, ಇನ್ನೊಂದರಲ್ಲಿ ಸುಖ. ಒಂದು ಏರಿದರೆ ಮತ್ತೊಂದು ಇಳಿಯಬೇಕು. ಹಾಗಾದರೆ ಸ್ಥಿರತೆಯು ಯತ್ನದ ಪಾಲಿಗೂ ಸುಖವು ವಿಶ್ರಾಂತಿಯ ಪಾಲಿಗೂ ಹೋಗಿ, ಸಾಧಕನು ಇವೆರಡರ ನಡುವೆ ಎಲ್ಲಿಯೋ ಒಂದು ಬಿಂದುವಿನಲ್ಲಿ ನಿಲ್ಲಬೇಕಾಗುತ್ತದೆ. ಸೂತ್ರಕಾರನು ಸ್ಥಿರ, ಸುಖ ಎಂಬೀ ಎರಡನ್ನೂ ಒಂದೇ ಸಮಾಸದಲ್ಲಿ ಹೆಣೆದು ಅವುಗಳನ್ನು ಒಂದೇ ವಸ್ತುವಿನ ವಿಶೇಷಣಗಳಾಗಿ ಮಾಡಿದ್ದಾನೆ; ಪರಸ್ಪರ ವಿರೋಧಿಗಳೆಂದು ಎಲ್ಲಿಯೂ ಸೂಚಿಸಿಲ್ಲ. ಯತ್ನದ ಪ್ರಸ್ತಾಪ ಬರುವುದು ಮುಂದಿನ ಸೂತ್ರದಲ್ಲಿ. ಅಲ್ಲಿಯೂ ಅದು ಬರುವುದು ಸಡಿಲಬೇಕಾದುದಾಗಿ. ಸ್ಥಿರತೆಯೂ ಸುಖವೂ ಎರಡೂ ಆ ಸಡಿಲಿಕೆಯಿಂದಲೇ ಹುಟ್ಟಬೇಕು. ಜರ್ಮನಿಯ ಪಂಡಿತ ಫಿಲಿಪ್ ಮಾಸ್ ಎಂಬುವರು 2018ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ 46 ಮತ್ತು 47ನೆಯ ಸೂತ್ರಗಳು ವಸ್ತುತಃ ಒಂದೇ ವಾಕ್ಯವೆಂದು ವಾದಿಸಿದ್ದಾರೆ. ಸೂತ್ರಗಳೂ ವ್ಯಾಸಭಾಷ್ಯವೆಂದು ಪ್ರಸಿದ್ಧವಾದುದೂ ಒಬ್ಬನದೇ ಕೃತಿಯೆಂಬ ಅವರ ಇನ್ನೊಂದು ವಾದವನ್ನು ಒಪ್ಪದವರೂ ಈ ಮೊದಲನೆಯದನ್ನು ಒಪ್ಪಬಹುದು. ಏತಕ್ಕೆಂದರೆ ಪಂಚಮ್ಯರ್ಥದಲ್ಲಿ ನಿಂತಿರುವ 47ನೆಯ ಸೂತ್ರಕ್ಕೆ ಹಿಂದಿನದನ್ನು ಬಿಟ್ಟರೆ ಬೇರೆ ಆಶ್ರಯವಿಲ್ಲ.

ಹಾಗಾದರೆ ಸಡಿಲಬೇಕಾದ ಆ ಪ್ರಯತ್ನ ಯಾವುದು? ಭಾಷ್ಯಕಾರನು ಪ್ರಯತ್ನವು ಉಪರಮಿಸಿದರೆ ಆಸನವು ಸಿದ್ಧಿಸಿ ಅಂಗಕಂಪನವು ಇಲ್ಲದಾಗುವುದೆಂದು ಹೇಳಿ ಮುಂದೆ ಸಾಗುತ್ತಾನೆ. ಇದರ ಮೇಲೆ ಹದಿನಾರನೆಯ ಶತಮಾನದ ವಿಜ್ಞಾನಭಿಕ್ಷುವು ಕೊಡುವ ವಿವರಣೆ ಬಹು ಸರಳ: ಅನೇಕ ವ್ಯಾಪಾರಗಳಲ್ಲಿ ತೊಡಗಿ ಬಳಲಿ ಬಂದವನು ಒಡನೆಯೇ ಆಸನದಲ್ಲಿ ಕುಳಿತರೆ ಮೈ ನಡುಗುತ್ತದೆ; ಆದಕಾರಣ ಮೊದಲು ಆ ವ್ಯಾಪಾರಗಳನ್ನು ನಿಲ್ಲಿಸಬೇಕು. ಲೋಕಾನುಭವಕ್ಕೆ ಇದು ಒಪ್ಪುವುದೇನೋ ನಿಜ. ಆದರೆ ಇದರಿಂದ ಸೂತ್ರದ ಪದವು ಆಸನಕ್ಕೆ ಮುಂಚಿನ ವಿಶ್ರಾಂತಿಯನ್ನು ಹೇಳಿದಂತಾಯಿತೇ ಹೊರತು ಆಸನದೊಳಗಿನ ಸ್ಥಿತಿಯನ್ನು ಹೇಳಿದಂತಾಗಲಿಲ್ಲ. ಧಾರಾನಗರದ ಭೋಜರಾಜನು ಸಾಧಕನು ಆಸನವನ್ನು ಕಟ್ಟಬೇಕೆಂದು ಇಚ್ಛಿಸಿದಾಗಲೆಲ್ಲ ಅದು ಕ್ಲೇಶವಿಲ್ಲದೆ ಒದಗುವುದೆಂದು ಬರೆಯುತ್ತಾನೆ. ಇದು ಅಭ್ಯಾಸದ ಫಲವನ್ನು ಹೇಳುತ್ತದೆ, ಅದರ ಮಾರ್ಗವನ್ನಲ್ಲ.

ವಾಚಸ್ಪತಿಮಿಶ್ರನ ತತ್ತ್ವವೈಶಾರದಿಗೆ ಬಂದಾಗ ಮಾತು ಬೇರೆಯೇ ಆಗುತ್ತದೆ. ಅವನ ವಾದಸರಣಿಯನ್ನು ಕನ್ನಡದಲ್ಲಿ ಹೀಗೆ ಸಂಗ್ರಹಿಸಬಹುದು. ದೇಹವನ್ನು ಎತ್ತಿ ಹಿಡಿದಿರುವ ಒಂದು ಸಾಂಸಿದ್ಧಿಕ ಪ್ರಯತ್ನ, ಎಂದರೆ ಹುಟ್ಟಿನಿಂದಲೇ ಬಂದ ಯತ್ನವು, ಪ್ರತಿಯೊಬ್ಬನಲ್ಲಿಯೂ ಇದ್ದೇ ಇದೆ. ಅದೇ ಯೋಗಾಸನಕ್ಕೆ ಕಾರಣವಾಗಿದ್ದರೆ ಶಾಸ್ತ್ರವು ಉಪದೇಶಿಸಬೇಕಾಗಿರಲಿಲ್ಲ. ಆಸನವು ತನ್ನಷ್ಟಕ್ಕೆ ತಾನೇ ಸಿದ್ಧಿಸುತ್ತಿತ್ತು. ಆದುದರಿಂದ ಆ ಸ್ವಾಭಾವಿಕ ಪ್ರಯತ್ನವು ಉಪದಿಷ್ಟವಾದ ಆಸನವನ್ನು ಸಾಧಿಸಲಾರದು. ಅಷ್ಟೇ ಅಲ್ಲ, ಅದು ಮನಬಂದಂತೆ ಮೈಯನ್ನು ಹೊರಳಿಸುವುದರಿಂದ ಆಸನದ ನಿಯಮಕ್ಕೆ ವಿರೋಧಿಯೂ ಹೌದು. ಹೀಗಿರಲು ಸಾಧಕನು ಕೈಕೊಳ್ಳಬೇಕಾದುದು ಆ ಸ್ವಾಭಾವಿಕ ಪ್ರಯತ್ನವನ್ನು ಸಡಿಲಿಸುವಂಥ ಇನ್ನೊಂದು ಪ್ರಯತ್ನ.

ನಮ್ಮ ಅಭಿಪ್ರಾಯದಲ್ಲಿ ಇಡೀ ಸೂತ್ರದ ಮರ್ಮವು ಈ ಕಡೆಯ ಮಾತಿನಲ್ಲಿದೆ. ಪ್ರಯತ್ನಗಳು ಎರಡು. ಒಂದು ನಾವು ಮಾಡುತ್ತಿದ್ದೇವೆಂದು ನಮಗೇ ತಿಳಿಯದೆ ನಡೆಯುವುದು. ಸುಮ್ಮನೆ ಕುಳಿತಿರುವೆವೆಂದು ನಾವು ಭಾವಿಸಿರುವಾಗಲೂ ಕತ್ತು, ಬೆನ್ನು, ಸೊಂಟಗಳ ಸ್ನಾಯುಗಳು ಬಿಡುವಿಲ್ಲದೆ ಕೆಲಸಮಾಡುತ್ತಿರುವುವೆಂಬುದನ್ನು ಶಾರೀರಶಾಸ್ತ್ರವೂ ಹೇಳುತ್ತದೆ. ಇನ್ನೊಂದು ಬೇಕೆಂದು ಎತ್ತಿಕೊಂಡ ಯತ್ನ. ಅದರ ವಿಷಯವೇ ಮೊದಲನೆಯದನ್ನು ಇಳಿಸುವುದು. ಆದುದರಿಂದ ‘ಸುಮ್ಮನೆ ಬಿಟ್ಟುಬಿಡು’ ಎಂಬ ಉಪದೇಶವೂ ಸಾಲದು. ‘ಇನ್ನೂ ಬಿಗಿಹಿಡಿ’ ಎಂಬುದೂ ಸಾಲದು. ಇವೆರಡರ ಸರಾಸರಿಯನ್ನು ತೆಗೆದರಂತೂ ಸುತರಾಂ ಸಾಲದು. ಬಿಟ್ಟುಬಿಟ್ಟವನಲ್ಲಿ ಸ್ವಾಭಾವಿಕ ಯತ್ನವು ಹಿಂದಿನಂತೆಯೇ ನಡೆಯುತ್ತಿರುತ್ತದೆ. ಬಿಗಿಹಿಡಿದವನಲ್ಲಿ ಅದರ ಮೇಲೆ ಇನ್ನೊಂದು ಹೊರೆ ಬೀಳುತ್ತದೆ.

ಸಮತೋಲದ ಕಲ್ಪನೆಗೆ ಪ್ರಾಚೀನವಾದ ಆಧಾರವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಅದು ಬೇರೊಂದು ಕಡೆಯಿಂದ ಬಂದದ್ದು. ಪಾಲಿಯ ಅಂಗುತ್ತರನಿಕಾಯದಲ್ಲಿ ಸೋಣನೆಂಬ ಭಿಕ್ಷುವಿನ ಪ್ರಸಂಗವುಂಟು. ಅತಿಯಾದ ಸಾಧನೆಯಿಂದ ಬಳಲಿ, ಮನೆಗೆ ಹಿಂದಿರುಗಿಬಿಡೋಣವೆಂದುಕೊಂಡ ಅವನಿಗೆ ಬುದ್ಧನು ಅವನ ಪೂರ್ವಾಶ್ರಮದ ವೀಣೆಯನ್ನೇ ದೃಷ್ಟಾಂತವಾಗಿ ಕೊಡುತ್ತಾನೆ: ತಂತಿಯು ಅತಿ ಬಿಗಿಯಾದರೂ ಅತಿ ಸಡಿಲವಾದರೂ ನಾದವು ಹೊರಡದು. ಭಗವದ್ಗೀತೆಯ ಆರನೆಯ ಅಧ್ಯಾಯವು ಊಟ ನಿದ್ರೆಗಳಲ್ಲಿ ಮಿತಿಯನ್ನು ವಿಧಿಸುವುದೂ ಇದೇ ಜಾತಿಯ ಉಪದೇಶ. ಇವು ವೀರ್ಯದ ಪ್ರಮಾಣವನ್ನು ಕುರಿತವು. ಒಟ್ಟು ಜೀವನದ ಹದವನ್ನು ಕುರಿತವು. ಇದನ್ನು ತಂದು ಆಸನಸೂತ್ರದ ಮೇಲೆ ಹೊದಿಸುವುದರಿಂದ ಎರಡು ಶಾಸ್ತ್ರಗಳ ಬೇರೆ ಬೇರೆ ಸೂಕ್ಷ್ಮಗಳೂ ಒಟ್ಟಿಗೆ ಮಾಸಿಹೋಗುತ್ತವೆ. ತಂತಿಗೆ ತನ್ನದೇ ಆದ ಯತ್ನವಿಲ್ಲ, ಬಿಗಿಯುವವನು ಹೊರಗಿದ್ದಾನೆ. ಆಸನದಲ್ಲಿ ಬಿಗಿಯುವವನೂ ಬಿಗಿಯಲ್ಪಡುವುದೂ ಒಂದೇ ಮೈಯಲ್ಲಿ ಇರುವುದರಿಂದಲೇ ವಾಚಸ್ಪತಿಯು ಎರಡು ಪ್ರಯತ್ನಗಳನ್ನು ವಿಂಗಡಿಸಬೇಕಾಯಿತು.

ಪ್ರಸಂಗವಶಾತ್ ಕನ್ನಡದ ಮಾತುಗಳನ್ನು ಕುರಿತು ಒಂದೆರಡು ಸಂಗತಿಗಳನ್ನು ಹೇಳಬೇಕಾಗಿದೆ. ‘ಸಮತೋಲ’ಕ್ಕಿಂತ ‘ಹದ’ವೆಂಬ ದೇಶ್ಯಪದವು ಇಲ್ಲಿ ಹೆಚ್ಚು ಸಮರ್ಪಕ. ಕುಂಬಾರನ ಮಣ್ಣಿಗೆ ಹದವುಂಟು, ಬಿತ್ತನೆಯ ನೆಲಕ್ಕೆ ಹದವುಂಟು, ಪಾಕಕ್ಕೆ ಹದವುಂಟು. ಇವೊಂದೂ ಎರಡು ವಸ್ತುಗಳ ಮಧ್ಯಬಿಂದುವಲ್ಲ. ಒಂದೇ ವಸ್ತುವು ಕೆಲಸಕ್ಕೆ ಒದಗುವ ಪಕ್ವಸ್ಥಿತಿ. ಮಣ್ಣು ಮೆತ್ತಗಾಗಬೇಕಾದರೆ ಚೆನ್ನಾಗಿ ತುಳಿಯಬೇಕು. ತುಳಿತವೆಂಬ ಶ್ರಮದ ಗುರಿ ಮೆತುತನವೇ. ಶೈಥಿಲ್ಯವೆಂಬ ಪದಕ್ಕಾದರೋ ನಮ್ಮಲ್ಲಿ ಒಂದು ಅಪಖ್ಯಾತಿಯಿದೆ. ಶಿಥಿಲವಾದ ದೇವಾಲಯ, ಶಿಥಿಲವಾದ ಆಡಳಿತ ಎನ್ನುವಾಗ ಅದು ಕುಸಿತವನ್ನು ಹೇಳುತ್ತದೆ. ದಂಡಿಯ ಕಾವ್ಯಾದರ್ಶದಲ್ಲಿಯೂ ಶೈಥಿಲ್ಯವು ಬಂಧದ ದೋಷವೇ. ಆದರೆ ಕನ್ನಡ ವ್ಯಾಕರಣವು ಇದೇ ಪದವನ್ನು ಯಾವ ನಿಂದೆಯೂ ಇಲ್ಲದೆ ಬಳಸಿಕೊಂಡಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವಿಚಾರಿಸಿರುವ ಶಿಥಿಲದ್ವಿತ್ವವನ್ನು ವಾಚಕರು ನೆನೆಯಬಹುದು. ‘ಅಮರ್ದು’, ‘ಅಗುರ್ವು’ ಮೊದಲಾದ ಶಬ್ದಗಳಲ್ಲಿ ಒತ್ತಕ್ಷರವು ಇದ್ದೇ ಇರುತ್ತದೆ. ಅದರ ಹಿಂದಿನ ಅಕ್ಷರವು ನಿಯಮದಂತೆ ಗುರುವಾಗಬೇಕು. ಆದರೆ ಉಚ್ಚಾರಣೆಯನ್ನು ತೇಲಿಸುವುದರಿಂದ ಅದು ಲಘುವಾಗಿಯೇ ನಿಲ್ಲುತ್ತದೆ. ಅಕ್ಷರವೊಂದೂ ಬಿದ್ದುಹೋಗಲಿಲ್ಲ, ಪದದ ಆಕಾರವು ಕೆಡಲಿಲ್ಲ, ಕಡಮೆಯಾದದ್ದು ಉಚ್ಚಾರಣೆಯ ಯತ್ನವೊಂದೇ. ವರ್ಣೋತ್ಪತ್ತಿಯನ್ನು ಹೇಳುವಾಗಲೂ ವೈಯಾಕರಣರು ‘ಪ್ರಯತ್ನ’ವೆಂಬ ಪದವನ್ನೇ ಪರಿಭಾಷೆಯಾಗಿ ಬಳಸುವರೆಂಬುದನ್ನು ಇದರ ಜೊತೆಗೆ ಸೇರಿಸಿಕೊಂಡರೆ, ಪ್ರಯತ್ನಶೈಥಿಲ್ಯವೆಂಬ ಯೋಗದ ಮಾತು ಹಳಗನ್ನಡವನ್ನು ಓದಿ ಪಳಗಿದ ಕಿವಿಗೆ ಅಪರಿಚಿತವೆನ್ನಿಸಲಾರದು. ರೂಪವು ದೃಢ, ಯತ್ನವು ಸಡಿಲ. ಇದನ್ನು ಸಾಮ್ಯವೆಂದು ಮಾತ್ರ ಹೇಳುತ್ತಿದ್ದೇವೆ. ಒಂದು ಶಾಸ್ತ್ರವು ಇನ್ನೊಂದರಿಂದ ಪಡೆದುಕೊಂಡಿತೆಂದಲ್ಲ.

ಇನ್ನು ಉಸಿರಿನ ವಿಚಾರ. ಇಲ್ಲಿಯೇ ವಿವಾದವು ಹೆಚ್ಚು. ನಮ್ಮ ನಾಡಿಗೆ ನೇರವಾದ ಸಂಬಂಧವೂ ಇಲ್ಲಿಯೇ. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ಯೋಗಶಾಲೆಯನ್ನು ನಡೆಸಿದರು. ಅವರ ‘ಯೋಗಮಕರಂದ’ವು 1934ರಲ್ಲಿಯೂ ‘ಯೋಗಾಸನಗಳು’ ಎಂಬುದು 1941ರಲ್ಲಿಯೂ ಕನ್ನಡದಲ್ಲಿಯೇ ಹೊರಬಂದುವು. ಇಂದು ಲೋಕದ ನಾನಾ ಭಾಗಗಳಲ್ಲಿ ಪ್ರಚಾರದಲ್ಲಿರುವ ಆಸನಪದ್ಧತಿಗಳ ಒಂದು ಮುಖ್ಯವಾದ ಮೂಲವು ಕನ್ನಡದ ಪುಸ್ತಕಗಳಲ್ಲಿದೆಯೆಂಬುದನ್ನು ಕನ್ನಡಿಗರೇ ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ. ಈ ಗ್ರಂಥಗಳ ವೈಶಿಷ್ಟ್ಯವೆಂದರೆ, ಆಸನದ ಒಂದೊಂದು ಚಲನೆಗೂ ರೇಚಕವೋ ಪೂರಕವೋ ಕುಂಭಕವೋ ಎಂಬುದನ್ನು ಗೊತ್ತುಮಾಡಿರುವುದು. ಆಚಾರ್ಯರ ಬಳಿ ದೀರ್ಘಕಾಲ ಪಾಠ ಕೇಳಿದ ಶ್ರೀವತ್ಸ ರಾಮಸ್ವಾಮಿಯವರು ತಮ್ಮ ಗುರುಗಳು ಈ ಕ್ರಮಕ್ಕೆ 47ನೆಯ ಸೂತ್ರದಲ್ಲಿಯೇ ಆಧಾರವನ್ನು ಕಾಣುತ್ತಿದ್ದರೆಂದು ಬರೆದಿದ್ದಾರೆ. ಪ್ರಯತ್ನವೆಂದರೆ ಇಲ್ಲಿ ಜೀವನಪ್ರಯತ್ನ, ಎಂದರೆ ಉಸಿರಾಟ. ಅದರ ಶೈಥಿಲ್ಯವೆಂದರೆ ಉಸಿರು ನೀಳವಾಗಿ ನಯವಾಗಿ ನಡೆಯುವುದು. ಅನಂತವೆಂಬುದೂ ‘ಅನ’ ಎಂಬ ಶ್ವಾಸಾರ್ಥಕವಾದ ಧಾತುವಿಗೆ ಸೇರಿದ್ದು. ಆದುದರಿಂದ ಅನಂತಸಮಾಪತ್ತಿಯೆಂದರೆ ಚಿತ್ತವು ಉಸಿರಿನಲ್ಲಿ ನೆಲೆಗೊಳ್ಳುವುದು.

ಈ ವ್ಯಾಖ್ಯಾನದ ಉತ್ತರಾರ್ಧವನ್ನು ಒಪ್ಪುವುದು ಕಷ್ಟ. ಪ್ರಾಣ, ಅಪಾನಾದಿ ಶಬ್ದಗಳಲ್ಲಿ ಆ ಧಾತುವು ಇರುವುದು ನಿಜವಾದರೂ, ಅನಂತಶಬ್ದವು ಅಂತವಿಲ್ಲದುದೆಂಬ ಅರ್ಥದಲ್ಲಿ ರೂಢವಾಗಿರುವಾಗ ಅದನ್ನು ಬಿಟ್ಟು ಧಾತುವನ್ನು ಹುಡುಕಿಕೊಂಡು ಹೋಗಲು ಪ್ರಬಲವಾದ ಕಾರಣವು ಬೇಕು. ವಾಚಸ್ಪತಿಯು ಅನಂತನೆಂದರೆ ಭೂಮಂಡಲವನ್ನು ಹೊತ್ತು ಅಲುಗದೆ ನಿಂತಿರುವ ನಾಗನಾಯಕನೆನ್ನುತ್ತಾನೆ. ಭೋಜನು ‘ಆನಂತ್ಯ’ವೆಂಬ ಪಾಠವನ್ನು ಹಿಡಿದು ಆಕಾಶಾದಿಗಳ ಮೇರೆಯಿಲ್ಲದಿರುವಿಕೆಯನ್ನು ಹೇಳುತ್ತಾನೆ. ಇವರಲ್ಲಿ ಒಬ್ಬನೂ ಉಸಿರಿನ ಮಾತನ್ನೆತ್ತಿಲ್ಲ. ಗುರುಗಳು ಶಿಷ್ಯರಿಗೆ ಅನುಭವವನ್ನು ನೆಲೆಗೊಳಿಸಲು ಹೇಳಿಕೊಟ್ಟ ಒಂದು ಚಮತ್ಕಾರವಾಗಿ ಇದಕ್ಕೆ ಬೆಲೆಯುಂಟು, ಸೂತ್ರಾರ್ಥವಾಗಿ ಇಲ್ಲ.

ಪೂರ್ವಾರ್ಧದ ಸಂಗತಿ ಹಾಗಲ್ಲ. ಅದನ್ನು ನವೀನರ ಕಲ್ಪನೆಯೆಂದು ತಳ್ಳಿಹಾಕುವವರು ಎರಡು ವಿಷಯಗಳನ್ನು ಪರಾಮರ್ಶಿಸಬೇಕು. ಮೊದಲನೆಯದು ವೈಶೇಷಿಕರ ವಿಭಾಗ. ಪ್ರಶಸ್ತಪಾದನು ಪ್ರಯತ್ನವನ್ನು ಜೀವನಪೂರ್ವಕವೆಂದೂ ಇಚ್ಛಾದ್ವೇಷಪೂರ್ವಕವೆಂದೂ ಎರಡಾಗಿ ಮಾಡಿ, ನಿದ್ರಿಸುವವನಲ್ಲಿ ಪ್ರಾಣಾಪಾನಗಳ ಸಂತಾನವನ್ನು ನಡೆಸುವುದು ಮೊದಲನೆಯದೆಂದು ಹೇಳಿರುತ್ತಾನೆ. ನ್ಯಾಯದಲ್ಲಿಯೂ ಗ್ರಂಥರಚನೆ ಮಾಡಿದ ವಾಚಸ್ಪತಿಗೆ ಈ ವಿಭಾಗವು ತಿಳಿಯದಿರಲಿಲ್ಲ. ದೇಹವನ್ನು ಧರಿಸುವ ಸಾಂಸಿದ್ಧಿಕ ಪ್ರಯತ್ನವೆಂದು ಅವನು ಹೇಳುವುದು ಇದಕ್ಕೆ ಬಹು ಸಮೀಪದಲ್ಲಿದೆ. ಎರಡನೆಯದು ಸಮಾಧಿಪಾದದ 31ನೆಯ ಸೂತ್ರ. ಅಲ್ಲಿ ಚಿತ್ತವಿಕ್ಷೇಪದೊಡನೆ ಹುಟ್ಟುವುವೆಂದು ದುಃಖ, ದೌರ್ಮನಸ್ಯ, ಅಂಗಕಂಪನಗಳ ಜೊತೆಯಲ್ಲಿಯೇ ಶ್ವಾಸಪ್ರಶ್ವಾಸಗಳೂ ಎಣಿಸಲ್ಪಟ್ಟಿವೆ. ಉಸಿರಾಡುವುದೇ ದೋಷವೇ ಎಂದು ಓದುಗನು ಬೆರಗಾಗಬಹುದು. ವಾಚಸ್ಪತಿಯು ಕೊಡುವ ಸಮಾಧಾನವೇನೆಂದರೆ, ಇಲ್ಲಿ ಹೇಳಿರುವುದು ಪುರುಷನ ಇಚ್ಛೆಯಿಲ್ಲದೆ ನಡೆಯುವ ಉಸಿರು. ಒಳಗೆ ಬರುವ ಅದು ರೇಚಕಕ್ಕೂ ಹೊರಗೆ ಹೋಗುವ ಅದು ಪೂರಕಕ್ಕೂ ವಿರೋಧಿಯಾಗುತ್ತದೆ. ಇದನ್ನು ಸಾಧನಪಾದದ ವಾಕ್ಯದ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಇಚ್ಛೆಯಿಲ್ಲದ ದೇಹಯತ್ನವು ಆಸನಕ್ಕೆ ವಿರೋಧಿ, ಇಲ್ಲಿ ಇಚ್ಛೆಯಿಲ್ಲದ ಉಸಿರು ಸಮಾಧಿಯ ಅಂಗಗಳಿಗೆ ವಿರೋಧಿ. ಅಲ್ಲಿ ಭಾಷ್ಯಕಾರನು ಆಸನಸಿದ್ಧಿಯ ಗುರುತಾಗಿ ಹೇಳುವುದು ಅಂಗಕಂಪನವಿಲ್ಲದಿರುವುದನ್ನು, ಇಲ್ಲಿ ಉಸಿರಿನ ಪಕ್ಕದ ಪದವೇ ಅಂಗಕಂಪನ. ಒಂದೇ ಪಟ್ಟಿಯಲ್ಲಿ ಕುಳಿತಿರುವ ಎರಡು ರೋಗಗಳಲ್ಲಿ ಒಂದಕ್ಕೆ ಮಾತ್ರ ಆಸನವು ಮದ್ದೆಂದು ಹೇಳುವುದು ಸಹಜವಲ್ಲ.

ಇದಕ್ಕೆ ಒಂದು ಪ್ರಬಲವಾದ ಆಕ್ಷೇಪವುಂಟು. 49ನೆಯ ಸೂತ್ರವು ಆಸನವು ಸಿದ್ಧವಾದ ಬಳಿಕವೇ ಪ್ರಾಣಾಯಾಮವೆಂದು ಕ್ರಮವನ್ನು ಕಟ್ಟಿದೆಯಷ್ಟೆ. ಆಸನದಲ್ಲಿಯೇ ಉಸಿರಿನ ಕೆಲಸವು ಮುಗಿದರೆ ಆ ಕ್ರಮವು ಏನಾಯಿತು? ಆದರೆ ಆ ಸೂತ್ರವು ಪ್ರಾಣಾಯಾಮವೆಂದು ಕರೆಯುವುದು ಉಸಿರಿನ ಗತಿಯನ್ನು ಮುರಿದು ನಿಲ್ಲಿಸುವುದನ್ನು. ಒರಟಾದ ಉಸಿರು ನಯವಾಗುವುದು ಬೇರೆ, ನಯವಾದ ಉಸಿರು ನಿಲ್ಲುವುದು ಬೇರೆ. ಮೊದಲನೆಯದು ಆಸನದ ಎಲ್ಲೆಯೊಳಗೆ ನಡೆದರೆ ಎರಡನೆಯದರ ಕ್ರಮಕ್ಕೆ ಯಾವ ಭಂಗವೂ ಇಲ್ಲ.

ಸಮಾಧಿಪಾದದ 34ನೆಯ ಸೂತ್ರದ ಭಾಷ್ಯದಲ್ಲಿ ಇನ್ನೊಂದು ಕುತೂಹಲಕರವಾದ ಸಂಗತಿಯಿದೆ. ಕೋಷ್ಠದ ವಾಯುವನ್ನು ಮೂಗಿನ ಹೊಳ್ಳೆಗಳಿಂದ ವಿಶೇಷವಾದ ಪ್ರಯತ್ನದಿಂದ ಹೊರಹಾಕಬೇಕೆಂದು ಅಲ್ಲಿ ವಿಧಿಸಿದೆ. ದೇಹದ ವ್ಯವಸ್ಥೆಯನ್ನು ಬಲ್ಲವರಿಗೆ ಇದರ ಸ್ವಾರಸ್ಯವು ಒಡನೆ ಹೊಳೆಯುವುದು. ಸಾಧಾರಣವಾದ ಉಸಿರಾಟದಲ್ಲಿ ಶ್ರಮವಿರುವುದು ಒಳಗೆ ಎಳೆದುಕೊಳ್ಳುವುದರಲ್ಲಿ. ಆಗ ವಪೆಯು ಕುಗ್ಗಿ ಕೆಳಗಿಳಿದು ಎದೆಗೂಡನ್ನು ಹಿಗ್ಗಿಸುತ್ತದೆ. ಹೊರಬಿಡುವಾಗ ವಪೆಯು ಸಡಿಲವಾಗುತ್ತದೆ, ಹಿಗ್ಗಿದ ಶ್ವಾಸಕೋಶವು ತನ್ನ ಸ್ಥಿತಿಸ್ಥಾಪಕ ಗುಣದಿಂದ ತಾನೇ ಕುಗ್ಗುತ್ತದೆ. ಬೇರೆ ಯತ್ನವು ಬೇಕಾಗುವುದಿಲ್ಲ. ಎಂದರೆ ಆರೋಗ್ಯವಂತನು ವಿಶ್ರಾಂತಿಯಲ್ಲಿದ್ದು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುವಾಗ, ಅಷ್ಟು ಸಲವೂ ಪ್ರಕೃತಿಯು ಒಂದು ಪ್ರಯತ್ನಶೈಥಿಲ್ಯವನ್ನು ತಾನೇ ನಡೆಸುತ್ತಿರುತ್ತದೆ. ಭಾಷ್ಯಕಾರನು ವಿಶೇಷಯತ್ನವನ್ನು ಇಟ್ಟಿರುವುದು ಸರಿಯಾಗಿ ಅದೇ ಸ್ಥಳದಲ್ಲಿ. ಪ್ರಕೃತಿಯು ಯತ್ನಿಸುವ ಕಡೆ ಸಡಿಲಿಕೆ, ಪ್ರಕೃತಿಯು ಸಡಿಲಿಸುವ ಕಡೆ ಯತ್ನ. ಅಭ್ಯಾಸದ ಬಲದಿಂದ ಕಣ್ಣು ಮುಚ್ಚಿಕೊಂಡು ನಡೆಯುತ್ತಿರುವುದನ್ನು ಎಚ್ಚರಕ್ಕೆ ತರುವುದೇ ಎರಡು ಕಡೆಯ ಉದ್ದೇಶವೆಂದು ನಮಗೆ ತೋರುತ್ತದೆ. ಕೃಷ್ಣಮಾಚಾರ್ಯರ ಪುಸ್ತಕಗಳು ಚಲನೆಗೊಂದು ಉಸಿರನ್ನು ಕಟ್ಟುವುದರ ಸಮರ್ಥನೆಯೂ ಇಲ್ಲಿಯೇ ದೊರೆಯುತ್ತದೆ. ಅನಂತಶಬ್ದದ ನಿಷ್ಪತ್ತಿಯನ್ನು ಅದಕ್ಕಾಗಿ ಹಿಂಸಿಸಬೇಕಾಗಿಲ್ಲ.

ಎತ್ತಿಕೊಂಡ ಯತ್ನವೇ ಹೊಸದೊಂದು ಬಿಗಿತವಾಗಿ ಪರಿಣಮಿಸುವ ಭಯವು ಇದ್ದೇ ಇದೆ. ಉಸಿರನ್ನು ಎಣಿಸುವವನು ಎಣಿಕೆಗೆ ಹೆದರಿ ಎದೆಯನ್ನು ಸೆಟೆಯಿಸುವುದನ್ನು ಯಾವ ತರಗತಿಯಲ್ಲಿಯಾದರೂ ಕಾಣಬಹುದು. ಹಠಪ್ರದೀಪಿಕೆಯನ್ನು ಬರೆದ ಸ್ವಾತ್ಮಾರಾಮನು ಇದನ್ನು ಬಲ್ಲವನಾಗಿದ್ದನು. ಯೋಗವನ್ನು ಕೆಡಿಸುವ ಆರರಲ್ಲಿ ಅತ್ಯಾಹಾರದ ಮಗ್ಗುಲಿಗೇ ಪ್ರಯಾಸವನ್ನು ಇಟ್ಟ ಅವನು, ಯೋಗವನ್ನು ಸಾಧಿಸಿಕೊಡುವ ಆರರಲ್ಲಿ ಉತ್ಸಾಹ, ಸಾಹಸಗಳನ್ನು ಮೊದಲಿಗೆ ಹೇಳುತ್ತಾನೆ. ಪ್ರಯಾಸವೂ ಉತ್ಸಾಹವೂ ಒಂದೇ ಯತ್ನದ ಹೆಚ್ಚು ಕಡಮೆಗಳಾಗಿದ್ದರೆ ಹೀಗೆ ಎರಡು ಪಟ್ಟಿಗಳಲ್ಲಿ ಹಂಚಿಹೋಗುತ್ತಿರಲಿಲ್ಲ. ಎಷ್ಟು ಎಂಬುದನ್ನು ಹೇಳಿದ್ದರೆ ಸಾಕಾಗುತ್ತಿತ್ತು. ಪ್ರಾಣವನ್ನು ವಶಪಡಿಸಿಕೊಳ್ಳುವುದಕ್ಕೆ ಅವನು ಕೊಡುವ ಉಪಮಾನವು ಸಿಂಹ, ಆನೆ, ಹುಲಿಗಳನ್ನು ಮೆಲ್ಲಮೆಲ್ಲನೆ ಪಳಗಿಸುವುದು. ಅವಸರಪಟ್ಟವನನ್ನು ಅದೇ ಪ್ರಾಣಿಯು ಕೊಲ್ಲುತ್ತದೆ. ಮಾವುತನ ಕೆಲಸದಲ್ಲಿ ಧೈರ್ಯವೂ ಬೇಕು, ಬಲಪ್ರಯೋಗದ ತ್ಯಾಗವೂ ಬೇಕು.

ಕಡೆಯದಾಗಿ ಭಾಷ್ಯದಲ್ಲಿರುವ ಆಸನಗಳ ಪಟ್ಟಿಯನ್ನು ಗಮನಿಸಬೇಕು. ಪದ್ಮ, ವೀರ, ಭದ್ರ, ಸ್ವಸ್ತಿಕ, ದಂಡ ಇವುಗಳ ಬಳಿಕ ‘ಸೋಪಾಶ್ರಯ’ವೆಂಬ ಒಂದು ಹೆಸರು ಬರುತ್ತದೆ, ಪಟ್ಟಿಯ ತುದಿಯಲ್ಲಿ ‘ಯಥಾಸುಖ’ವೆಂದಿದೆ. ಸೋಪಾಶ್ರಯವೆಂದರೆ ಆಸರೆಯೊಡನೆ ಕೂಡಿದ್ದು. ಯೋಗಪಟ್ಟವನ್ನು ಕಟ್ಟಿಕೊಂಡು ಕುಳಿತುಕೊಳ್ಳುವುದೆಂದು ವಾಚಸ್ಪತಿಯ ವಿವರಣೆ. ಮೇಲುಕೋಟೆಯ ಬೆಟ್ಟದ ಯೋಗನರಸಿಂಹನ ಮೊಳಕಾಲುಗಳನ್ನು ಬಳಸಿರುವುದು ಈ ಪಟ್ಟವೇ. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಹಂಪೆಯಲ್ಲಿ ಕಡೆದ ಬೃಹತ್ತಾದ ನರಸಿಂಹನಿಗೂ ಅದುಂಟು. ಈಗ ಕಾಣುವ ಪಟ್ಟಿಯು ಜೀರ್ಣೋದ್ಧಾರದಲ್ಲಿ ಸೇರಿಸಿದ್ದು. ಮೊಳಕಾಲುಗಳನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ಪಟ್ಟಿಗೆ ಒಪ್ಪಿಸಿಬಿಟ್ಟರೆ ತೊಡೆ ಸೊಂಟಗಳು ಆ ಹೊಣೆಯಿಂದ ಬಿಡುಗಡೆ ಹೊಂದುತ್ತವೆ. ಆಕಾರವು ಮಾತ್ರ ಹಾಗೆಯೇ ಉಳಿಯುತ್ತದೆ. ಕೃಷ್ಣಮಾಚಾರ್ಯರ ಬಳಿ ಮೈಸೂರಿನಲ್ಲಿ ಕಲಿತ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್ಯರು ಮುಂದೆ ಪುಣೆಯಲ್ಲಿ ಪಟ್ಟಿ, ಹಗ್ಗ, ಮರದ ಇಟ್ಟಿಗೆಗಳನ್ನು ಬಳಕೆಗೆ ತಂದಾಗ ಅದನ್ನು ಶಾಸ್ತ್ರದೂರವಾದ ಹೊಸ ಉಪಕರಣಗಳ ಆಡಂಬರವೆಂದು ಎಣಿಸಿದವರೂ ಉಂಟು. ಭಾಷ್ಯದ ಆರನೆಯ ಹೆಸರನ್ನು ಓದಿದ್ದರೆ ಅವರು ಹಾಗೆನ್ನುತ್ತಿರಲಿಲ್ಲ.